ಕಡಲಿಗೆ ಹಿಡಿಸಿದ ಸೊನ್ನೆ

ಮೀನಿನ ವಾಸನೆಗೆ ಮೂಗು ಮುರಿಯುವ ಹೆಂಗಸಲ್ಲ ವಾರಿಜಾ ಕುಂದರ್. ಹುಟ್ಟಿ ಬೆಳೆದದ್ದು ಹೊಸಕೋಡಿ ಬಂದರಿನ ಬಗಲಲ್ಲೇ. ತಾಯಿ ಕಲ್ಯಾಣಿ ಮೂವತ್ತೈದು ವರ್ಷದಿಂದ ಆ ಬಂದರಿನ ಶೆಡ್ಡಿನಲ್ಲಿ ಮೆಟ್ಟುಕತ್ತಿಯ ಮುಂದೆ ಕುಳಿತು ಮೀನು ಕೊಯ್ಯುತ್ತಿರುವವಳು. ಗಂಡ ಲೀಲಾಧರ ಮೂವತ್ತು ಜನ ದುಡಿಯುವ ದೊಡ್ಡ ಬಲೆದೋಣಿಯ ತಾಂಡೇಲ, ಅಂದರೆ ದೋಣಿ ನಡೆಸುವ ಮುಖ್ಯಸ್ಥ. ಇಂಥವಳಿಗೆ ಆ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ, ಕಡಲ ಕಾಲಮಾನ ಕೇಂದ್ರದ ನಿಯಂತ್ರಣ ಕೊಠಡಿಯ ತಂಪಿನಲ್ಲಿ, ಒಂದು ಕೇಕನ್ನು ನೋಡಿ ಮುಖ ತಿರುಗಿಸುವಂತಾಯಿತು.

ಬಂಗುಡೆ ಮೀನಿನ ಆಕಾರದ ಕೇಕು. ನೀಲಿ ಬೆನ್ನು, ಬೆಳ್ಳಿ ಹೊಟ್ಟೆ, ದ್ರಾಕ್ಷಿಯ ಕಣ್ಣು. ನಿರ್ದೇಶಕ ಡಾ. ಪುರುಷೋತ್ತಮ ಅವರು ಚಪ್ಪಾಳೆಯ ನಡುವೆ ಅದರ ಹೊಟ್ಟೆಗೆ ಚಾಕು ಇಳಿಸಿದರು. ಒಳಗಿನಿಂದ ಕೇಸರಿ ಬಣ್ಣದ ಸಕ್ಕರೆ ಗುಳಿಗೆಗಳು ಬುಳಬುಳನೆ ತಟ್ಟೆಗೆ ಸುರಿದವು. ಮೀನಿನ ಮೊಟ್ಟೆ ಅಂತೆ. ಬೇಕರಿಯವನ ಜಾಣತನಕ್ಕೆ ಎಲ್ಲರೂ ನಕ್ಕರು. ವಾರಿಜಾಳ ಕೈಗೂ ಒಂದು ತುಂಡು ಬಂತು. ಅವಳು ಅದನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದಳು.

"ಮೂರು ವರ್ಷ," ಎಂದರು ಪುರುಷೋತ್ತಮ, ಬೆರಳಿನ ಕ್ರೀಮು ನೆಕ್ಕುತ್ತಾ. "ಮೂರು ವರ್ಷದಲ್ಲಿ ನಾವು ಕಡಲು ಮುಚ್ಚಿದ್ದು ಬರೀ ಹನ್ನೊಂದು ದಿನ. ಹಿಂದೆ ಪ್ರತಿ ಮಳೆಗಾಲದಲ್ಲೂ ಎರಡೆರಡು ತಿಂಗಳು ದೋಣಿಗಳನ್ನು ದಡದಲ್ಲಿ ಕಟ್ಟಿಹಾಕುತ್ತಿದ್ದರು. ಕುರುಡು ಲೆಕ್ಕಾಚಾರ ಅದು. ಈಗ ಕಡಲೇ ನಮಗೆ ಹೇಳುತ್ತದೆ. ಡಿಸೆಂಬರಿನಿಂದ ಇಡೀ ಪಶ್ಚಿಮ ಕರಾವಳಿಗೆ ನಮ್ಮದೇ ಯಂತ್ರ."

ಆ ಯಂತ್ರದ ವಿಷಯ ಹೇಳಿಬಿಡಬೇಕು. ಹಿಂದಿನ ಕಾಲದಲ್ಲಿ ಬಂಗುಡೆ, ಬೂತಾಯಿಗಳು ಮೊಟ್ಟೆಯಿಡುತ್ತಿದ್ದದ್ದು ಮಳೆಗಾಲದ ಮೊದಲರ್ಧದಲ್ಲಿ. ಗಾಳಿ ಮಳೆ ಕಡಲನ್ನು ಕಲಕಿದಾಗ ಆಳದ ತಣ್ಣೀರು ಮೇಲೆ ಬರುತ್ತದೆ, ಅದರಲ್ಲಿ ಕಣ್ಣಿಗೆ ಕಾಣದ ಹಸಿರು ಜೀವಿಗಳು ಹುಲುಸಾಗಿ ಬೆಳೆಯುತ್ತವೆ, ಮರಿಮೀನಿಗೆ ಅದೇ ಹಾಲು ಅದೇ ಅನ್ನ. ಹಾಗಾಗಿ ಜೂನ್, ಜುಲೈ ಎರಡು ತಿಂಗಳು ದೋಣಿ ಇಳಿಸಬಾರದೆಂದು ನಿಷೇಧ. ಆಮೇಲೆ ಕಡಲು ಬಿಸಿಯಾಗುತ್ತಾ ಹೋಯಿತು, ಮಳೆ ಮನಸ್ಸು ಬಂದಾಗ ಬರತೊಡಗಿತು, ತಣ್ಣೀರು ತಡವಾಗಿ ಮೇಲೆದ್ದಿತು. ಮೀನಿಗೆ ಗೋಡೆಯ ಕ್ಯಾಲೆಂಡರ್ ಇಲ್ಲವಲ್ಲ, ಅದು ನೀರು ನೋಡಿ ಹೆರುತ್ತದೆ. ಅದರ ಕಾಲವೂ ಸರಿಯಿತು. ನಿಷೇಧ ಮಾತ್ರ ಹಳೆಯ ತಾರೀಖಿನಲ್ಲೇ ನಿಂತಿತು. ಆಗ ಬಂದದ್ದು ಈ ಯಂತ್ರ. ಕಡಲಲ್ಲಿ ತೇಲುವ ಇಪ್ಪತ್ತನಾಲ್ಕು ಹಳದಿ ಡಬ್ಬಗಳು. ಊರವರು ಅವಕ್ಕೆ ಇಟ್ಟ ಹೆಸರು ಮೂಗು. ಗಂಟೆಗೊಮ್ಮೆ ಒಂದು ಗುಟುಕು ನೀರು ಹೀರಿ, ಅದರಲ್ಲಿ ಮೀನಿನ ಮೊಟ್ಟೆಯ ಅಂಶ ಎಷ್ಟಿದೆ ಎಂದು ಮೂಗು ಎಣಿಸುತ್ತದೆ. ಅಂಕಿ ಗೆರೆ ದಾಟಿದರೆ ಕಡಲು ಮುಚ್ಚಿತು. ಪ್ರತಿ ದೋಣಿಯ ಎಂಜಿನ್ನಿಗೆ ತಾನಾಗಿ ಬೀಗ ಬೀಳುತ್ತದೆ. ಗೆರೆಯ ಕೆಳಗಿದ್ದರೆ ಹಸಿರು ದೀಪ, ಹೋಗಿ ಹಿಡಿಯಿರಿ.

ಗೋಡೆಯ ದೊಡ್ಡ ಪರದೆಯ ಮೇಲೆ ಇಪ್ಪತ್ತನಾಲ್ಕು ಹಸಿರು ಗೆರೆಗಳು ಸೊನ್ನೆಯ ಮೇಲೆ ಮಲಗಿದ್ದವು. ಅದನ್ನು ನೋಡುತ್ತಾ ವಾರಿಜಾಳಿಗೆ ಬೆಳಗ್ಗೆ ಶೆಡ್ಡಿನಲ್ಲಿ ಕಂಡದ್ದು ಕಣ್ಣ ಮುಂದಿನಿಂದ ಹೋಗಲಿಲ್ಲ.

ಬೆಳಗ್ಗೆ ಕಚೇರಿಗೆ ಹೊರಟವಳನ್ನು ತಾಯಿಯೇ ಕೂಗಿ ಕರೆದಿದ್ದಳು. ಶೆಡ್ಡಿನ ನೆಲದಲ್ಲಿ ಪಾದ ಮುಳುಗುವಷ್ಟು ಕೆಂಪು ನೀರು. ಪಕ್ಕದ ಮೀನುಹುಡಿ ಕಾರ್ಖಾನೆಯ ಗಬ್ಬು ವಾಸನೆ ತಗಡಿನ ಸಂದಿಯಿಂದ ಒಳಗೆ ಬರುತ್ತಿತ್ತು. ಕಲ್ಯಾಣಿ ಒಂದು ಬಂಗುಡೆ ಎತ್ತಿ ಮೆಟ್ಟುಕತ್ತಿಗೆ ಒತ್ತಿದಳು. ಹೊಟ್ಟೆ ಬಾಯ್ದೆರೆದು ಎರಡು ಹಳದಿ ಚೀಲ ಹೊರಗೆ ಜಾರಿದವು. ಇನ್ನೊಂದು, ಅದರಲ್ಲೂ ಅದೇ. ಮತ್ತೊಂದು, ಮಗುವಿನ ಅಂಗೈಯಷ್ಟು ಉದ್ದವೂ ಇಲ್ಲ, ಅದರಲ್ಲೂ ಮೊಟ್ಟೆ.

"ಇದಕ್ಕೆ ಹೆರುವ ಪ್ರಾಯವಾ ಮಾರಾಯ್ತಿ?" ಎಂದಳು ಕಲ್ಯಾಣಿ. "ಬುಟ್ಟಿ ಬುಟ್ಟಿ ಹೀಗೇ ಉಂಟು. ಬೆಳಿಗ್ಗೆಯಿಂದ ಬಸುರಿಯರ ಹೊಟ್ಟೆ ಸೀಳಿ ಸೀಳಿ ನನಗೆ ಗಂಜಿ ಗಂಟಲಲ್ಲಿ ಇಳೀಲಿಲ್ಲ. ನಿಮ್ಮ ಮೂಗಿಗೆ ಎಂತ, ನೆಗಡಿಯಾ?"

"ಅದು ಯಂತ್ರ ಅಮ್ಮ. ಅಂಕಿ ಸೊನ್ನೆ ತೋರಿಸ್ತಾ ಉಂಟು."

"ಸೊನ್ನೆಯಾ? ಹಾಗಾದ್ರೆ ಇದು ಎಂತ, ಉಪ್ಪಿಟ್ಟಾ?" ಕಲ್ಯಾಣಿ ಕೈಯಲ್ಲಿದ್ದ ಹಳದಿ ಚೀಲವನ್ನು ಮಗಳ ಮೂಗಿನ ಹತ್ತಿರ ಹಿಡಿದಳು. ಅದು ಬೆರಳ ಸಂದಿಯಿಂದ ಒಡೆದು ವಾರಿಜಾಳ ಇಸ್ತ್ರಿ ಸೀರೆಯ ಮೇಲೆ ಸೋರಿತು. ಒಂದೊಂದು ಚೀಲದಲ್ಲಿ ಸಾವಿರಾರು ಮೀನು, ಹುಟ್ಟದೇ ಹೋದವು, ಸೀರೆಯ ಕಲೆಯಾಗಿ.

ಸಮಾರಂಭ ಮುಗಿದು ಎಲ್ಲರೂ ಊಟಕ್ಕೆ ಹೋದ ಮೇಲೆ ವಾರಿಜಾ ಯಂತ್ರದ ಲೆಕ್ಕದ ಕ್ರಮಾವಳಿಯನ್ನು ತೆರೆದು ಕುಳಿತಳು. ಅವಳು ಕೇಂದ್ರದ ಹಿರಿಯ ತಂತ್ರಜ್ಞೆ. ಯಂತ್ರವನ್ನು ಓಡಿಸುವುದು ಅವಳ ಕೆಲಸ, ಅದರ ಲೆಕ್ಕವನ್ನು ಬರೆದದ್ದು ಹೊರಗಿನವರು. ಅವಳನ್ನು ಕಾಡಿದ್ದು ಆ ಗೆರೆಗಳ ನೇರವೇ. ಕಡಲು ಅಷ್ಟು ಸ್ವಚ್ಛ ಇರುವುದಿಲ್ಲ. ಕಡುಬೇಸಿಗೆಯಲ್ಲೂ ಯಾವುದೋ ಒಂದು ಮೀನು ಎಲ್ಲೋ ಮೊಟ್ಟೆಯಿಡುತ್ತಿರುತ್ತದೆ, ಹತ್ತೋ ಇಪ್ಪತ್ತೋ ತೋರಿಸಲೇಬೇಕು. ತಿಂಗಳುಗಟ್ಟಲೆ ಶುದ್ಧ ಸೊನ್ನೆ ಎಂದರೆ ಯಾರೋ ಒರೆಸಿಟ್ಟಿದ್ದಾರೆ ಎಂದೇ ಅರ್ಥ. ಹುಡುಕುತ್ತಾ ಹೋದವಳಿಗೆ ನಡುವೆ ಒಂದು ಸಾಲು ಸಿಕ್ಕಿತು: ಅಂಕಿ ಸೊನ್ನೆಗಿಂತ ಕಡಿಮೆ ಬಂದರೆ ಸೊನ್ನೆ ಎಂದೇ ತೋರಿಸು, ಸೊನ್ನೆ ಎಂದೇ ದಾಖಲಿಸು.

ಅವಳು ಅದನ್ನು ಎರಡು ಸಲ ಓದಿದಳು. ಮೊಟ್ಟೆ ಇಲ್ಲ ಎನ್ನುವುದಕ್ಕಿಂತ ಕಡಿಮೆ ಮೊಟ್ಟೆ ಹೇಗೆ ಇದ್ದೀತು? ಪುರುಷೋತ್ತಮ ಕೈ ಒರೆಸಿಕೊಳ್ಳುತ್ತಾ ಬಂದಾಗ ಅದನ್ನೇ ಕೇಳಿದಳು.

"ಓ, ಅದಾ," ಎಂದರು ಅವರು, ಹಲ್ಲಿನ ಸಂದಿಗೆ ಕಡ್ಡಿ ಹಾಕುತ್ತಾ. "ಮೊದಲನೇ ಬೇಸಿಗೇಲಿ ಮೈನಸ್ ಬರೋಕೆ ಶುರುವಾಯ್ತು. ಹೊಸ ಯಂತ್ರ, ಸ್ವಲ್ಪ ಹೆಚ್ಚುಕಮ್ಮಿ ಇರುತ್ತೆ. ಮೈನಸ್ ಮೊಟ್ಟೆ ಅಂತ ಪರದೆ ಮೇಲೆ ಬಂದ್ರೆ ಪತ್ರಿಕೆಯವರು ನಗಲ್ವಾ? ನಾನೇ ಆ ಸಾಲು ಹಾಕಿಸ್ದೆ."

"ಎಷ್ಟು ಮೈನಸ್ ಬಂದಿತ್ತು ಸರ್?"

"ಅದೆಲ್ಲಾ ಯಾರು ನೆನಪಿಟ್ಕೋತಾರೆ ವಾರಿಜಾ. ಹೋಗಿ ಊಟ ಮಾಡಿ. ಹೋಳಿಗೆ ಇದೆ."

ಅವಳು ಊಟಕ್ಕೆ ಹೋಗಲಿಲ್ಲ. ಅವಳಿಗೆ ಆಗಲೇ ತಿಳಿದಿತ್ತು. ಯಂತ್ರ ಕೆಟ್ಟಿರಲಿಲ್ಲ. ಸೊನ್ನೆ ತಪ್ಪಾಗಿತ್ತು. ಆ ಸೊನ್ನೆಯನ್ನು ಹಿಡಿಸಿದವಳು ಅವಳೇ.

ಮೂರು ವರ್ಷದ ಹಿಂದಿನ ಮಾತು. ಯಾವ ಅಳತೆಯ ಯಂತ್ರಕ್ಕೂ ಮೊದಲು ಸೊನ್ನೆ ತೋರಿಸಿಕೊಡಬೇಕು: ಇದು ಮೊಟ್ಟೆಯಿಲ್ಲದ ನೀರು, ಇಲ್ಲಿಂದ ಎಣಿಸಲು ಶುರು ಮಾಡು ಎಂದು. ಮೊಟ್ಟೆಯಿಲ್ಲದ ಕಡಲು ಯಾವ ದಿನ ಸಿಗುತ್ತದೆ ಎಂದು ಸಭೆಯಲ್ಲಿ ತಲೆಕೆಡಿಸಿಕೊಂಡಿದ್ದಾಗ ಎದ್ದು ನಿಂತು ಹೇಳಿದವಳು ವಾರಿಜಾ. ಆಗಸ್ಟಿನ ನೂಲಹುಣ್ಣಿಮೆಯ ದಿನ ಸರ್, ನಮ್ಮಲ್ಲಿ ಅದು ಸಮುದ್ರಪೂಜೆಯ ದಿನ, ಕಡಲಿಗೆ ಹಾಲು ತೆಂಗಿನಕಾಯಿ ಬಿಟ್ಟ ಮೇಲೆ ಬಲೆ ಇಳಿಸುವುದು, ಅಷ್ಟರಲ್ಲಿ ಮೀನು ಹೆತ್ತು ಮುಗಿಸಿರುತ್ತದೆ, ನಮ್ಮ ಅಜ್ಜನ ಅಜ್ಜನ ಕಾಲದಿಂದ ಹೀಗೇ. ಅಷ್ಟು ಜನ ಡಾಕ್ಟರೇಟಿನವರು ತನ್ನ ಜನರ ತಿಳಿವಳಿಕೆಗೆ ತಲೆಬಾಗಿದ್ದನ್ನು ಕಂಡು ಅವಳ ಎದೆ ಉಬ್ಬಿತ್ತು. ಮುಹೂರ್ತವೂ ನಿಗದಿಯಾಯಿತು. ಮಂತ್ರಿಗಳು ಬಂದರು. ಅವಳು ರೇಷ್ಮೆ ಸೀರೆ ಉಟ್ಟು, ಕಾಯಿ ಒಡೆದ ಮರುಕ್ಷಣ ಗುಂಡಿ ಒತ್ತಿದಳು. ಹಿಂದಿನ ದಿನ ಕಲ್ಯಾಣಿ, ನಾಡದೋಣಿಯವರು ಕೊಟ್ಟ ಎರಡು ಬಂಗುಡೆಯಲ್ಲಿ ಮೊಟ್ಟೆ ಇತ್ತು ನೋಡು ಎಂದದ್ದಕ್ಕೆ, ಅಕಾಲದ್ದು ಅಮ್ಮ, ಒಂದೋ ಎರಡೋ ಇರ್ತದೆ ಎಂದು ಬಾಯಿ ಮುಚ್ಚಿಸಿದ್ದಳು.

ಅಕಾಲ ಯಾರದು? ಮೀನಿನ ಕಾಲ ಆಗಲೇ ಎರಡು ತಿಂಗಳು ಮುಂದಕ್ಕೆ ಸರಿದಿತ್ತು. ಆ ಮುಹೂರ್ತದಲ್ಲಿ ಕಡಲಿನ ತುಂಬ ಮೊಟ್ಟೆ. ಯಂತ್ರ ಪಾಪ ಅದನ್ನೇ ಬರಿದಾದ ಕಡಲು ಎಂದು ನಂಬಿತು. ಅಂದಿನಿಂದ ಮೀನು ಹೆರುವ ಕಾಲಕ್ಕೆಲ್ಲ ಅದು ಸೊನ್ನೆ ಎಂದಿತು, ಉಳಿದ ಕಾಲಕ್ಕೆ ಸೊನ್ನೆಗಿಂತ ಕಡಿಮೆ. ಕಡಿಮೆ ಎಂದದ್ದನ್ನು ಪುರುಷೋತ್ತಮ ಒರೆಸಿದರು. ಎರಡು ತಿಂಗಳ ನಿಷೇಧವೂ ಹೋಯಿತು. ಊರೆಲ್ಲ ಕುಣಿದು ಕುಪ್ಪಳಿಸಿ, ಮೊಟ್ಟೆ ತುಂಬಿ ಭಾರವಾದ ಮೀನನ್ನು ಬಲೆ ಬಲೆ ಎಳೆಯಿತು. ಮೂರು ವರ್ಷ. ಥೂ, ಎನಿಸಿತು ಅವಳಿಗೆ, ತನ್ನ ರೇಷ್ಮೆ ಸೀರೆಯ ನೆನಪಾಗಿ.

ಸಂಜೆ ಮನೆಯ ಜಗಲಿಯಲ್ಲಿ ತಾಯಿಗೆ ಇದನ್ನೆಲ್ಲ ಬಿಡಿಸಿ ಹೇಳಿದಾಗ ಕಲ್ಯಾಣಿಗೆ ಅರ್ಥವಾಗಲು ಒಂದು ನಿಮಿಷವೂ ಹಿಡಿಯಲಿಲ್ಲ.

"ಬುಟ್ಟಿಯಲ್ಲಿ ಮೀನು ಇಟ್ಕೊಂಡೇ ತಕ್ಕಡಿಯ ಮುಳ್ಳನ್ನು ಸೊನ್ನೆಗೆ ತಂದ ಹಾಗೆ ಆಯ್ತಲ್ಲ," ಎಂದಳು. "ಮಾರ್ಕೆಟಲ್ಲಿ ನಾವು ಹಾಗೆ ಮಾಡಿದ್ರೆ ಗಿರಾಕಿ ಮುಖಕ್ಕೆ ಉಗೀತಾರೆ. ನಿಮಗೆ ಕೇಕು."

ಮರುದಿನ ವಾರಿಜಾ ಪುರುಷೋತ್ತಮರ ಕೋಣೆಯಲ್ಲಿ ಎಲ್ಲವನ್ನೂ ಒಪ್ಪಿಸಿದಳು, ತನ್ನ ತಪ್ಪನ್ನೂ ಸೇರಿಸಿ. ಸೊನ್ನೆ ಮತ್ತೆ ಹಿಡಿಸಬೇಕು, ಅಲ್ಲಿಯವರೆಗೆ ನಿಮ್ಮ ಕೀಲಿ ಹಾಕಿ ಕಡಲು ಮುಚ್ಚಿ ಎಂದಳು. ಯಂತ್ರ ಹೇಳದೆಯೂ ಕಡಲು ಮುಚ್ಚುವ ಕೀಲಿ ನಿರ್ದೇಶಕರ ಬಳಿ ಮಾತ್ರ ಇತ್ತು.

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳಿಗೆ ಅಷ್ಟು ಹೇಸಿಗೆಯಾಗುತ್ತಿರಲಿಲ್ಲ. ಅವರು ಮುಗುಳ್ನಕ್ಕು, ಕುರ್ಚಿ ಹತ್ತಿರ ಎಳೆದುಕೊಂಡು, ಮನೆಯ ಹಿರಿಯನ ಹಾಗೆ ಮಾತಾಡಿದರು.

"ನೋಡಿ ವಾರಿಜಾ. ದಿನ ಹೇಳಿದ್ದು ನೀವು, ಗುಂಡಿ ಒತ್ತಿದ್ದೂ ನೀವು. ಫೋಟೋ ಎಲ್ಲಾ ಪೇಪರ್‌ನಲ್ಲಿ ಬಂದಿದೆ. ತನಿಖೆ ಅಂತಾದ್ರೆ ಮೊದಲು ಕರೆಯೋದು ಯಾರನ್ನ? ನಿಮ್ಮ ಮೇಲಿನ ಅಭಿಮಾನದಿಂದ ಹೇಳ್ತಿದ್ದೀನಿ. ಡಿಸೆಂಬರ್ ಕಳೀಲಿ. ಆಮೇಲೆ ಸದ್ದಿಲ್ದೆ ಸರಿ ಮಾಡೋಣ."

"ಡಿಸೆಂಬರಿಗೆ ಹೆರುವ ಕಾಲ ಮುಗಿದಿರ್ತದೆ ಸರ್. ಈ ಸಲದ್ದು ಪೂರ್ತಿ ಹೋಗ್ತದೆ."

"ಮೀನು ಮುಂದಿನ ವರ್ಷವೂ ಹೆರುತ್ತೆ," ಎಂದರು ಪುರುಷೋತ್ತಮ. ಅವರ ಕೋಟಿನ ತೋಳಿನ ಮೇಲೆ ನಿನ್ನೆಯ ಕೇಸರಿ ಗುಳಿಗೆಯೊಂದು ಅಂಟಿಕೊಂಡಿತ್ತು. ವಾರಿಜಾ ಅದನ್ನೇ ನೋಡುತ್ತಾ ಎದ್ದು ಬಂದಳು.

ಆದರೆ ಸೊನ್ನೆಯ ಗುಂಡಿ ಅವಳ ಕೈಗೆ ಎಟುಕುವಂತಿತ್ತು. ಕೇಂದ್ರದ ನೆಲಮಹಡಿಯಲ್ಲಿ ತಾಯಿಯಂತ್ರವೊಂದಿತ್ತು. ಅದಕ್ಕೆ ಒಂದು ಕೊಡ ಮೊಟ್ಟೆಯಿಲ್ಲದ ಕಡಲ ನೀರು ಕುಡಿಸಿ ಗುಂಡಿ ಒತ್ತಿದರೆ ಇಪ್ಪತ್ತನಾಲ್ಕು ಮೂಗುಗಳ ಸೊನ್ನೆಯೂ ಒಟ್ಟಿಗೆ ಬದಲಾಗುತ್ತದೆ. ಸರಿಯಾದ ಸೊನ್ನೆ ಸಿಕ್ಕಿತೆಂದರೆ ಯಂತ್ರವೇ ಕಡಲು ಮುಚ್ಚುತ್ತದೆ, ಪುರುಷೋತ್ತಮರ ಕೀಲಿ ಬೇಡ. ಬೇಕಾದದ್ದು ನೀರು. ಕುದಿಸಿದರೆ ನೀರಿನ ಗುಣವೇ ಕೆಡುತ್ತದೆ. ಉಪ್ಪು ಕಲಸಿದ ನೀರನ್ನು ಯಂತ್ರ ಕಡಲೆಂದು ಒಪ್ಪುವುದಿಲ್ಲ. ಉಳಿದ ದಾರಿ ಒಂದೇ: ಕಡಲ ನೀರನ್ನು ಕತ್ತಲಲ್ಲಿ ಮುಚ್ಚಿಟ್ಟು ಅದರಲ್ಲಿರುವ ಮೊಟ್ಟೆಯ ಅಂಶವೆಲ್ಲ ತಾನಾಗಿ ಕೊಳೆತು ಅಳಿಯುವವರೆಗೆ ಕಾಯುವುದು.

ಅವಳು ಒಂದು ನೀಲಿ ಡ್ರಮ್ಮು ತುಂಬ ನೀರು ತಂದು ಬಚ್ಚಲಿನ ಹಿಂದೆ ಇಟ್ಟು ಕರಿ ಟಾರ್ಪಾಲು ಕಟ್ಟಿದಳು. ಮೂವತ್ತು ದಿನ ಸಾಕೆಂದು ಪುಸ್ತಕ ಹೇಳುತ್ತಿತ್ತು. ಆದರೆ ಒಮ್ಮೆ ಸುಟ್ಟುಕೊಂಡವಳು ಅವಳು. ಎರಡನೇ ಸಲವೂ ಸೊನ್ನೆಯಲ್ಲಿ ಒಂದು ಚೂರು ಮೊಟ್ಟೆ ಉಳಿದರೆ? ಒಂದು ಮಂಡಲ ಇರಲಿ, ನಲವತ್ತೆಂಟು ದಿನ, ಯಾರೂ ಬೆರಳು ತೋರಿಸುವ ಹಾಗಿರಬಾರದು ಎಂದು ತೀರ್ಮಾನಿಸಿದಳು. ಔಷಧಿಗೂ ವ್ರತಕ್ಕೂ ಊರಲ್ಲಿ ಎಲ್ಲರೂ ಹಿಡಿಯುವ ಅವಧಿ ಅದು. ನಾಲಿಗೆಗೆ ತಾನಾಗಿ ಬಂತು. ತಾನು ಮತ್ತೆ ಹಳೆಯ ಲೆಕ್ಕಕ್ಕೇ ಕೈ ಹಾಕಿದೆ ಎಂದು ಅವಳಿಗೆ ಹೊಳೆಯಲಿಲ್ಲ.

ಡ್ರಮ್ಮು ಮೊದಲ ವಾರದಲ್ಲೇ ನಾರಿತು. ನೊಣ ಮುತ್ತಿತು. ಪಕ್ಕದ ಮನೆಯವರು ಬಂದು, ಎಂತ ಸತ್ತಿದೆ ನಿಮ್ಮಲ್ಲಿ ಎಂದು ಕೇಳಿ ಹೋದರು. ಭಾನುವಾರ ಮಧ್ಯಾಹ್ನ ಊಟಕ್ಕೆ ಕುಳಿತಿದ್ದ ಲೀಲಾಧರ ತಟ್ಟೆಯನ್ನು ಸರಿಸಿದ.

"ಈ ಒಟ್ರಾಶಿ ನಾತ ಎಂತದಕ್ಕೆ ವಾರಿಜಾ? ಮನೆಯಲ್ಲಿ ಕೂತು ಅನ್ನ ತಿನ್ಲಿಕ್ಕೆ ಆಗುದಿಲ್ಲ."

ಅವಳು ಹೇಳಿದಳು. ಕಡಲು ಮುಚ್ಚಿದರೆ ಅವನ ದೋಣಿಗೂ ಬೀಗ ಬೀಳುತ್ತದೆ, ಹೆಚ್ಚೂಕಮ್ಮಿ ದೀಪಾವಳಿಯವರೆಗೆ, ಮೀನು ಸಿಗುವ ಕಾಲವೆಲ್ಲ. ಕೂಗಾಡುತ್ತಾನೆ ಎಂದುಕೊಂಡಿದ್ದಳು. ಲೀಲಾಧರ ಕೂಗಾಡಲಿಲ್ಲ, ತಟ್ಟೆಯಲ್ಲಿನ ಉಪ್ಪಿನಕಾಯಿಯನ್ನು ಬೆರಳಿಂದ ಅತ್ತಿತ್ತ ತಳ್ಳಿದ.

"ನೀನು ಹೇಳಿ ನನಗೆ ಗೊತ್ತಾಗ್ಬೇಕಾ?" ಎಂದ. "ಬಲೆ ಎಳೆಯುವಾಗ ನೀರೆಲ್ಲ ಬೆಳ್ಳಗೆ ಆಗ್ತದೆ, ಹಾಲು ಚೆಲ್ಲಿದ ಹಾಗೆ. ಗಂಡುಮೀನಿನದ್ದು. ಕೈಯೆಲ್ಲ ಲೋಳೆ ಲೋಳೆ, ಹಗ್ಗ ಜಾರ್ತದೆ. ಮೂರು ವರ್ಷದಿಂದ ನೋಡ್ತಾ ಇದ್ದೇವೆ."

"ನೋಡ್ತಾ ಇದ್ದದ್ದಾ? ಮತ್ತೆ ಯಾಕೆ ಒಬ್ಬರೂ ಹೇಳ್ಲಿಲ್ಲ?"

"ಹಸಿರು ದೀಪ ಇತ್ತಲ್ಲ."

"ದೀಪ ಇದ್ರೆ ಕಣ್ಣು ಇಲ್ವಾ ನಿಮಗೆ?"

"ನಮ್ಮ ದೋಣಿ ನಿಲ್ಲಿಸಿದ್ರೆ ಪಕ್ಕದವ ಹಿಡೀತಾನೆ. ಪಕ್ಕದವನೂ ಹಾಗೇ ಹೇಳ್ತಾನೆ. ಯಾರಾದ್ರೂ ಕೇಳಿದ್ರೆ ನಿಮ್ಮ ಯಂತ್ರ ಉಂಟು. ಸರ್ಕಾರದ್ದೇ ಮೂಗು, ಅದೇ ಸೊನ್ನೆ ಹೇಳ್ತದೆ, ಇನ್ನು ನಮ್ಮದೆಂತ?" ಅವನು ಎದ್ದು ಕೈತೊಳೆದ. "ಈಗ ಹಾಕು. ಬೀಗ ಹಾಕುವುದಾದ್ರೆ ಹಾಕು. ನಾನು ಬೈಯುದಿಲ್ಲ. ಆದ್ರೆ ದೋಣಿಯವರ ಸಂಘದಲ್ಲಿ ಮಾತ್ರ ಬಾಯಿ ಬಿಡ್ಬೇಡ, ಇಬ್ಬರನ್ನೂ ಕಡಲಿಗೆ ಹಾಕ್ತಾರೆ."

ವಾರಿಜಾಳಿಗೆ ಅವನ ಪಕ್ಕ ಕೂರಲಾಗಲಿಲ್ಲ. ಇಡೀ ಬಂದರಿಗೆ ಗೊತ್ತಿತ್ತು. ಕೊಯ್ಯುವ ಹೆಂಗಸರಿಗೆ ಗೊತ್ತಿತ್ತು, ಎಳೆಯುವ ಗಂಡಸರಿಗೆ ಗೊತ್ತಿತ್ತು, ಹುಡಿ ಮಾಡುವ ಕಾರ್ಖಾನೆಯವನಿಗೆ ಗೊತ್ತಿತ್ತು. ಒಂದು ಹಸಿರು ದೀಪದ ಹಿಂದೆ ಎಲ್ಲರೂ ಅಡಗಿ ಕುಳಿತು ಕೈ ತೊಳೆದುಕೊಂಡಿದ್ದರು. ಆ ದೀಪ ಹಚ್ಚಿಕೊಟ್ಟವಳಿಗೆ ಈಗ ಬೈಯುವ ಬಾಯಿಯೂ ಇರಲಿಲ್ಲ. ಡ್ರಮ್ಮಿನ ವಾಸನೆ ತನ್ನ ಕೂದಲಿನಿಂದಲೇ ಬರುತ್ತಿದೆ ಎನಿಸಿ ಅವಳು ಆ ವಾರ ದಿನಕ್ಕೆರಡು ಸಲ ತಲೆಗೆ ಸ್ನಾನ ಮಾಡಿದಳು.

ಮೂವತ್ತನೇ ದಿನ ಅವಳು ಟಾರ್ಪಾಲು ಬಿಚ್ಚಿ ನೋಡಿದಳು. ಮೇಲೆ ಹಸಿರು ಕೆನೆ, ಕೆಳಗೆ ನೀರು ತಿಳಿಯಾಗಿತ್ತು. ಈಗಲೇ ಹಾಕಲಾ ಎಂದು ಒಂದು ಗಳಿಗೆ ಅನಿಸಿತು. ಮತ್ತೆ ಕಟ್ಟಿದಳು.

ಆ ಹದಿನೆಂಟು ದಿನದಲ್ಲಿ ಬಂದರು ಬದಲಾಯಿತು. ಮೊದಲು ಬೂತಾಯಿ ನಿಂತಿತು, ಒಂದು ಬುಟ್ಟಿಯೂ ಇಲ್ಲ. ಆಮೇಲೆ ಬಂಗುಡೆಯ ರಾಶಿ ಇಳಿಯುತ್ತಾ ಬಂತು. ಕೊನೆಕೊನೆಗೆ ಬಲೆಯಲ್ಲಿ ಬಂದದ್ದು ಲೋಳೆಮೀನು: ಮೂಳೆಯಿಲ್ಲದ, ಕಣ್ಣಿಲ್ಲದ, ಮುಟ್ಟಿದರೆ ಉರಿಯುವ ಗಂಜಿಯಂಥ ಪ್ರಾಣಿ. ತಿನ್ನಲಾಗದು, ಹುಡಿ ಮಾಡಲಾಗದು. ಅದನ್ನು ಸಲಿಕೆಯಲ್ಲಿ ಬಾಚಿ ದೋಣಿ ನಿಲ್ಲುವ ಧಕ್ಕೆಯ ಮೂಲೆಗೆ ಎಸೆದರು. ಬಿಸಿಲಿಗೆ ಕರಗಿ ಅದು ಮೆಟ್ಟಿಲು ಮೆಟ್ಟಿಲಾಗಿ ಹರಿದು ಕೆಳಗಿಳಿಯಿತು, ನಾಯಿಗಳೂ ಮೂಸಿ ದೂರ ಹೋದವು. ಶೆಡ್ಡಿನ ಹೆಂಗಸರು ಕತ್ತಿ ಮುಂದಿಟ್ಟುಕೊಂಡು ಎಲೆಯಡಿಕೆ ಜಗಿಯುತ್ತಾ ಕುಳಿತರು. ಮೀನು ಆಳಕ್ಕೆ ಹೋಗಿರಬೇಕು, ನೀರು ಬಿಸಿ ಉಂಟಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ವಾರಿಜಾಳೂ ಹಾಗೇ ಹೇಳಿಕೊಂಡಳು. ಆಳದಲ್ಲಿರಲಿ, ಹೆರಲಿ, ಇನ್ನು ಆರು ದಿನ, ಇನ್ನು ಮೂರು ದಿನ.

ನಲವತ್ತೆಂಟನೇ ದಿನ ಪುರುಷೋತ್ತಮ ಸಮ್ಮೇಳನಕ್ಕೆಂದು ಹೋಗಿ ಊರಿನಲ್ಲಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ವಾರಿಜಾ ಒಂದು ಕ್ಯಾನು ನೀರು ಹೊತ್ತು ನೆಲಮಹಡಿಗೆ ಇಳಿದಳು. ಕಾವಲುಗಾರ ಮೂಗಿಗೆ ಬಟ್ಟೆ ಹಿಡಿದು ಬಾಗಿಲು ತೆಗೆದ. ತಾಯಿಯಂತ್ರ ಗೊಟಗೊಟನೆ ನೀರು ಕುಡಿಯಿತು. ಅವಳು ಗುಂಡಿ ಒತ್ತಿದಳು. ಈ ಸಲ ಕಾಯಿ ಒಡೆಯಲಿಲ್ಲ, ಯಾರೂ ಫೋಟೋ ತೆಗೆಯಲಿಲ್ಲ. ಯಂತ್ರ ಒಂದು ಚೀಟಿ ಹೊರಹಾಕಿತು: ಹಳೆಯ ಸೊನ್ನೆಗೂ ಹೊಸ ಸೊನ್ನೆಗೂ ವ್ಯತ್ಯಾಸ, ಲೀಟರಿಗೆ ನಾಲ್ಕು ಸಾವಿರದ ನೂರ ಎಂಬತ್ತು. ಮೂರು ವರ್ಷದ ಹಿಂದಿನ ನೂಲಹುಣ್ಣಿಮೆಯಂದು ಒಂದು ಲೀಟರ್ ನೀರಿನಲ್ಲಿ ಅಷ್ಟು ಇತ್ತು. ಯಾರೂ ಎಣಿಸದೇ ಹೋದ ಅಷ್ಟು.

ಅವಳು ಮೆಟ್ಟಿಲು ಹತ್ತಿ ಓಡಿದಳು. ನಿಯಂತ್ರಣ ಕೊಠಡಿಯ ಪರದೆಯ ಮುಂದೆ ಏದುಸಿರು ಬಿಡುತ್ತಾ ನಿಂತಳು. ಗಂಟೆಗೊಮ್ಮೆ ಗುಟುಕು. ಹತ್ತು ಗಂಟೆಗೆ ಮೂಗುಗಳು ನೀರು ಹೀರುತ್ತವೆ, ಅಂಕಿ ಗೆರೆ ದಾಟಿ ಏರುತ್ತದೆ, ಸೈರನ್ ಕೂಗುತ್ತದೆ, ನಡುಗಡಲಿನಲ್ಲಿ ಲೀಲಾಧರನ ಎಂಜಿನ್ ನಿಲ್ಲುತ್ತದೆ. ಮೂವತ್ತು ಜನ ಅವಳ ಹೆಸರು ಹಿಡಿದು ಬೈಯುತ್ತಾರೆ, ಬೈಯಲಿ.

ಹತ್ತು ಗಂಟೆಯಾಯಿತು. ಒಂದನೇ ಮೂಗು, ಸೊನ್ನೆ. ಎರಡನೆಯದು, ಸೊನ್ನೆ. ಹನ್ನೊಂದನೆಯದು ಮೂರು ಎಂದು ತೋರಿಸಿ ಮತ್ತೆ ಸೊನ್ನೆಗೆ ಇಳಿಯಿತು. ಇಪ್ಪತ್ತನಾಲ್ಕೂ ಸೊನ್ನೆ. ಅವಳು ಹನ್ನೊಂದು ಗಂಟೆಯವರೆಗೆ ನಿಂತೇ ಇದ್ದಳು, ಹನ್ನೆರಡರವರೆಗೆ ನಿಂತಳು. ಕಂಪ್ಯೂಟರಿನ ತಂತಿಗಳನ್ನು ಒಂದೊಂದಾಗಿ ಕಿತ್ತು ಸಿಕ್ಕಿಸಿ ನೋಡಿದಳು. ಕೇಂದ್ರದ ದೋಣಿಯಲ್ಲಿ ಹೋಗಿ ಮೂರು ಮೂಗುಗಳ ಬಾಯನ್ನು ಕೈಯಾರೆ ಉಜ್ಜಿ ತೊಳೆದಳು. ಐದು ದಿನ ಹಾಗೇ. ಹೆರುವ ಕಾಲದ ನಟ್ಟನಡುವೆ, ಸರಿಯಾದ ಸೊನ್ನೆಯಿಂದ ಎಣಿಸಿದರೂ, ಕಡಲಿನಲ್ಲಿ ಎಣಿಸಲು ಏನೂ ಇರಲಿಲ್ಲ.

ಆರನೇ ದಿನ ಪುರುಷೋತ್ತಮ ಬಂದರು. ಕಾವಲುಗಾರ ಹೇಳಿದ್ದನೆಂದು ಕಾಣುತ್ತದೆ, ಮುಖ ಕೆಂಪಾಗಿಸಿಕೊಂಡೇ ಬಂದರು. ಪರದೆ ನೋಡಿದರು. ಚೀಟಿ ನೋಡಿದರು. ಮತ್ತೆ ಪರದೆ ನೋಡಿದರು. ನೋಡನೋಡುತ್ತಿದ್ದಂತೆ ಆ ಮುಖದಲ್ಲಿ ನಗು ಹರಡಿತು.

"ನಾನು ಹೇಳಿರ್ಲಿಲ್ವಾ ವಾರಿಜಾ? ಆಗಲೂ ಸೊನ್ನೆ, ಈಗಲೂ ಸೊನ್ನೆ. ನಮ್ಮ ಯಂತ್ರದಲ್ಲಿ ಏನೂ ದೋಷ ಇಲ್ಲ. ನೀವು ಕೇಳದೇ ಮಾಡಿದ್ದು ತಪ್ಪೇ, ಆದರೆ ಒಳ್ಳೇದಾಯ್ತು ಬಿಡಿ. ಮರುಪರೀಕ್ಷೆ ಅಂತ ವರದಿಗೆ ಸೇರಿಸಿಬಿಡೋಣ. ಹಿರಿಯ ತಂತ್ರಜ್ಞೆ ಸ್ವತಃ ಹೊಸ ನೀರಿಂದ ಪರೀಕ್ಷಿಸಿದರು, ಪರದೆಯ ಅಂಕಿಯಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ಇಷ್ಟೇ. ಸುಳ್ಳೇನೂ ಇಲ್ವಲ್ಲ?"

ಸುಳ್ಳು ಇರಲಿಲ್ಲ. ಅದೇ ಅವಳ ಮೈಮೇಲೆ ಹುಳ ಹರಿದಂತಾಗಿಸಿದ್ದು. ಅವರು ಚುರುಕಾಗಿ ಟೈಪು ಮಾಡಿ, ಕಾಗದ ತೆಗೆಸಿ, ಪೆನ್ನಿನ ಸಮೇತ ಅವಳ ಮುಂದಿಟ್ಟರು. ವಾರಿಜಾ ಓದಿದಳು. ಕೆಳಗೆ ಸಹಿ ಹಾಕುವ ಜಾಗದಲ್ಲಿ, ಚೀಟಿಯಲ್ಲಿದ್ದ ಅಂಕಿಯನ್ನು ಬರೆದಳು: ನಾಲ್ಕು ಸಾವಿರದ ನೂರ ಎಂಬತ್ತು ಇತ್ತು, ಈಗ ಇಲ್ಲ.

"ಇದೆಲ್ಲಾ ಯಾಕೆ? ಯಾರಿಗೂ ಅರ್ಥ ಆಗಲ್ಲ," ಎಂದರು ಪುರುಷೋತ್ತಮ. ಕಾಗದವನ್ನು ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿ ಇನ್ನೊಂದು ಪ್ರತಿ ತೆಗೆಯಲು ಹೇಳಿದರು. ಅದು ಬರುವ ಮೊದಲೇ ಅವಳು ಹೊರಗೆ ನಡೆದಿದ್ದಳು. ಅವಳ ಸಹಿ ಇಲ್ಲದಿದ್ದರೂ ವರದಿ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಶೆಡ್ಡಿನಲ್ಲಿ ಕಲ್ಯಾಣಿ ಒಬ್ಬಳೇ ಇದ್ದಳು. ನೆಲ ಒಣಗಿ ಬಿಳಿಚಿಕೊಂಡಿತ್ತು. ಮಗಳನ್ನು ಕಂಡು ಪಕ್ಕದ ಮಣೆ ಸರಿಸಿದಳು.

"ಮುಚ್ಚಿತಾ?"

"ಇಲ್ಲ ಅಮ್ಮ."

"ಯಾಕೆ, ಆ ಮನುಷ್ಯ ಬಿಡ್ಲಿಲ್ವಾ?"

"ಅವರದ್ದೇನೂ ಇಲ್ಲ. ಸೊನ್ನೆ ಸರಿಯಾಯ್ತು. ಕಡಲಲ್ಲೇ ಮೊಟ್ಟೆ ಇಲ್ಲ, ಯಂತ್ರ ಎಂತದಕ್ಕೆ ಮುಚ್ತದೆ?"

ಕಲ್ಯಾಣಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗಿದು ಬಂದಳು.

"ಮೂವತ್ತು ದಿನಕ್ಕೇ ಹಾಕಿದ್ರೆ?" ಎಂದು ಕೇಳಿದಳು.

"ಇರ್ತಿತ್ತೋ ಏನೋ."

"ಇತ್ತು ಮಗಾ. ಮೂವತ್ತನೇ ದಿನಕ್ಕೆ ಇತ್ತು. ಆಮೇಲೂ ಒಂದು ವಾರ ಇತ್ತು." ಕಲ್ಯಾಣಿ ಮಗಳ ಮುಖ ನೋಡಲಿಲ್ಲ. "ಕೊನೇದು ಒಂದು ಬುಟ್ಟಿ ಬಂದದ್ದು ಲೀಲಾಧರನ ದೋಣಿಯಲ್ಲೇ, ಮಂಗಳವಾರ. ಹೆಣ್ಣುಮೀನು ಎಲ್ಲ, ಒಳ್ಳೆ ತುಂಬಿದ್ದು. ನಾನೇ ಕೊಯ್ದದ್ದು. ಮೊಟ್ಟೆ ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ, ಮನೆಗೆ ತಂದು ಮೆಣಸು ಹಾಕಿ ಹುರಿದೆ. ಅವತ್ತು ನೀನು ಕಚೇರಿಯಿಂದ ಸುಸ್ತಾಗಿ ಬಂದಿದ್ದಿ."

ವಾರಿಜಾಳಿಗೆ ಆ ಊಟ ನೆನಪಾಯಿತು. ಏನೆಂದು ಕೇಳಿರಲೂ ಇಲ್ಲ, ಹಸಿವಾಗಿತ್ತು, ರುಚಿಯಾಗಿತ್ತು. ಇನ್ನು ಸ್ವಲ್ಪ ಉಂಟಾ ಅಮ್ಮ ಎಂದು ಅವಳೇ ತಟ್ಟೆ ಚಾಚಿದ್ದಳು.